ರಿಯಲ್ ಎಸ್ಟೇಟ್ ಬ್ಲಾಗ್ ಶೀರ್ಷಿಕೆ: ದಾವಣಗೆರೆಯ ಏಜೆಂಟರ ಬರಹ ಗೂಗಲ್‌ನಲ್ಲಿ ಸಿಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದಿರುವ ರಿಯಲ್ ಎಸ್ಟೇಟ್ ಏಜೆಂಟ್. ಸೈಟು, ಮನೆ, ಬಾಡಿಗೆ ಮತ್ತು ಸ್ವಲ್ಪ ಮಟ್ಟಿಗೆ ಜಮೀನಿನ ವ್ಯವಹಾರ ಮಾಡುತ್ತೇನೆ. ನಮ್ಮ ಆಫೀಸಿನ ವೆಬ್‌ಸೈಟಿನಲ್ಲಿ ಎರಡು ವರ್ಷಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದು, ಸುಮಾರು ನಲವತ್ತು ಬರಹಗಳಾಗಿವೆ. ವಾಟ್ಸಾಪ್‌ನಲ್ಲಿ ಕಳುಹಿಸಿದಾಗ ಓದಿದವರು ಮೆಚ್ಚುತ್ತಾರೆ, ಆದರೆ ಗೂಗಲ್‌ನಿಂದ ಹೊಸಬರು ಯಾರೂ ಬರುತ್ತಿಲ್ಲ. ನನ್ನ ಶೀರ್ಷಿಕೆಗಳು ‘ಕನಸಿನ ಮನೆಗೆ ಸುವರ್ಣಾವಕಾಶ!’, ‘ಹೂಡಿಕೆಗೆ ದಾವಣಗೆರೆಯೇ ಏಕೆ?’, ‘ದಾವಣಗೆರೆ ಸೈಟ್, ದಾವಣಗೆರೆ ನಿವೇಶನ, ದಾವಣಗೆರೆ ಬೆಸ್ಟ್ ಲೇಔಟ್’ ಎಂಬಂತಿರುತ್ತವೆ. ಶೀರ್ಷಿಕೆ ಎಷ್ಟು ಉದ್ದವಿರಬೇಕು? ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲಿರಬೇಕೋ? ಹಳೆಯ ಬರಹಗಳ ಶೀರ್ಷಿಕೆ ಬದಲಾಯಿಸಿದರೆ ತೊಂದರೆಯಾಗುತ್ತದೆಯೇ?

ಉತ್ತರ: ನೀವು ಕೊಟ್ಟಿರುವ ಮೂರು ಶೀರ್ಷಿಕೆಗಳನ್ನು ಒಂದೊಂದಾಗಿ ನೋಡಿದರೆ ತೊಂದರೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ‘ಕನಸಿನ ಮನೆಗೆ ಸುವರ್ಣಾವಕಾಶ’ ಎಂಬುದು ಫ್ಲೆಕ್ಸ್ ಬೋರ್ಡಿನ ಮಾತು. ಬೋರ್ಡನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ದಾರಿಯಲ್ಲಿ ಹೋಗುವವರ ಕಣ್ಣಿಗೆ ಅದು ತಾನಾಗಿ ಬೀಳುತ್ತದೆ. ಗೂಗಲ್‌ನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಲ್ಲಿಗೆ ಬರುವವರು ಯಾವುದೋ ಒಂದು ನಿರ್ದಿಷ್ಟ ಅನುಮಾನವನ್ನು ಇಟ್ಟುಕೊಂಡೇ ಬಂದಿರುತ್ತಾರೆ, ಮತ್ತು ಆ ಅನುಮಾನವನ್ನು ತಮಗೆ ಗೊತ್ತಿರುವ ನಾಲ್ಕೈದು ಪದಗಳಲ್ಲಿ ಟೈಪ್ ಮಾಡಿರುತ್ತಾರೆ. ‘ಸುವರ್ಣಾವಕಾಶ’ ಎಂದು ಟೈಪ್ ಮಾಡಿ ಸೈಟು ಹುಡುಕುವವರಿಲ್ಲ. ‘ಹೂಡಿಕೆಗೆ ದಾವಣಗೆರೆಯೇ ಏಕೆ?’ ಎಂಬುದು ಪ್ರಶ್ನೆಯ ರೂಪದಲ್ಲಿದ್ದರೂ ಅದು ಮಾರುವವರ ಪ್ರಶ್ನೆಯೇ ಹೊರತು ಕೊಳ್ಳುವವರದಲ್ಲ. ಮೂರನೆಯದರಲ್ಲಿ ಊರಿನ ಹೆಸರು ಮೂರು ಸಲ ಬಂದಿದೆ. ಹೀಗೆ ಒಂದೇ ಪದವನ್ನು ತುರುಕುವುದರಿಂದ ಪ್ರಯೋಜನವಿಲ್ಲವೆಂದೂ, ಅದು ಫಲಿತಾಂಶವನ್ನು ಕಸದಂತೆ ಕಾಣಿಸುತ್ತದೆಂದೂ ಗೂಗಲ್ ತನ್ನ ಮಾರ್ಗಸೂಚಿಯಲ್ಲಿಯೇ ಹೇಳುತ್ತದೆ. ಓದುಗರ ಕಣ್ಣಿಗೂ ಅದು ಜಾಹೀರಾತಿನ ಪಟ್ಟಿಯಾಗಿಯೇ ಕಾಣುತ್ತದೆ.

ಇಲ್ಲಿ ಇನ್ನೊಂದು ವಾಸ್ತವವನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ‘ದಾವಣಗೆರೆಯಲ್ಲಿ ಮಾರಾಟಕ್ಕಿರುವ ಸೈಟುಗಳು’ ಎಂಬಂಥ ಸಾಮಾನ್ಯ ಹುಡುಕಾಟದಲ್ಲಿ 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಮುಂತಾದ ದೊಡ್ಡ ತಾಣಗಳನ್ನು ದಾಟಿ ಒಂದು ಸಣ್ಣ ಆಫೀಸಿನ ವೆಬ್‌ಸೈಟು ಮೇಲೆ ಬರುವುದು ಬಹಳ ಕಷ್ಟ, ಮತ್ತು ಆ ಪ್ರಯತ್ನದಲ್ಲಿ ಶಕ್ತಿ ವ್ಯಯಿಸುವ ಅಗತ್ಯವೂ ನಿಮಗಿಲ್ಲ. ಆ ತಾಣಗಳಲ್ಲಿ ಆಸ್ತಿಗಳ ಪಟ್ಟಿ ಇರುತ್ತದೆ. ನಿಟುವಳ್ಳಿಯ ಹಳೆಯ ಮನೆಯೊಂದರ ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ವ್ಯವಹಾರ ಹೇಗೆ ಮುಂದುವರಿಸಬೇಕು, ಊರ ಹೊರಗಿನ ಪಂಚಾಯ್ತಿ ಸೈಟಿಗೆ ಬ್ಯಾಂಕ್ ಸಾಲ ಏಕೆ ಸಿಗುತ್ತಿಲ್ಲ ಎಂಬ ವಿವರ ಅಲ್ಲಿರುವುದಿಲ್ಲ. ಈ ಊರಿನ ಕಾಗದಪತ್ರ, ಬಡಾವಣೆ, ಕಚೇರಿಗಳ ನಡೆ ನಿಮಗೆ ಗೊತ್ತು. ಶೀರ್ಷಿಕೆ ನಿಲ್ಲಬೇಕಾದದ್ದು ಆ ತಿಳಿವಳಿಕೆಯ ಮೇಲೆ. ನನ್ನ ಉತ್ತರದ ತಿರುಳು ಇಷ್ಟೇ: ಒಬ್ಬ ನಿರ್ದಿಷ್ಟ ಕೊಳ್ಳುವವರ ಒಂದು ನಿರ್ದಿಷ್ಟ ಅನುಮಾನವನ್ನು, ಅವರದೇ ಪದಗಳಲ್ಲಿ, ಊರಿನ ಯಾವ ಭಾಗಕ್ಕೆ ಸೇರಿದ್ದೆಂಬುದನ್ನೂ ಸೇರಿಸಿ ಹೇಳಿದರೆ ಅದೇ ಒಳ್ಳೆಯ ಶೀರ್ಷಿಕೆ.

ಆ ಅನುಮಾನಗಳು ಎಲ್ಲಿ ಸಿಗುತ್ತವೆ ಎಂದರೆ, ಬೇರೆಲ್ಲೂ ಹುಡುಕಬೇಕಾಗಿಲ್ಲ, ನಿಮ್ಮ ಮೇಜಿನ ಮುಂದೆ ಕೂತ ಪಾರ್ಟಿಗಳ ಬಾಯಲ್ಲಿಯೇ ಸಿಗುತ್ತವೆ. ‘ಇದಕ್ಕೆ ಇ-ಖಾತೆ ಆಗಿದೆಯಾ?’, ‘ಬಿ-ಖಾತೆ ಅಂತಾರಲ್ಲ, ತಗೊಂಡ್ರೆ ತೊಂದರೆನಾ?’, ‘ಇ.ಸಿ. ಎಷ್ಟು ವರ್ಷದ್ದು ತೆಗೆಸಬೇಕು?’, ‘ಕನ್ವರ್ಷನ್ ಆಗಿದೆ ಅಂತಾರೆ, ಲೇಔಟ್ ಅಪ್ರೂವಲ್ ಬೇರೆ ಬೇಕಾ?’, ‘ಸರ್ವೆ ನಂಬರಿನ ಅರ್ಧ ಭಾಗ ಮಾತ್ರ ಕೊಳ್ಳಬೇಕಾದರೆ 11-ಇ ನಕ್ಷೆ ಕಡ್ಡಾಯನಾ?’ ಎಂಬ ಮಾತುಗಳು ನಿಮ್ಮ ಆಫೀಸಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ (ಬಿ-ಖಾತೆ ಎಂದರೆ ಸರಿಯಾದ ಅನುಮೋದನೆಯಿಲ್ಲದ ಆಸ್ತಿಯ ಖಾತೆ, ಇ.ಸಿ. ಎಂದರೆ ಋಣಭಾರ ಪ್ರಮಾಣಪತ್ರ, ಕನ್ವರ್ಷನ್ ಎಂದರೆ ಭೂಪರಿವರ್ತನೆ, 11-ಇ ಎಂದರೆ ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ ಬೇಕಾಗುವ ಅಳತೆ ನಕ್ಷೆ). ಇವನ್ನು ಕೇಳಿದ ಕೂಡಲೇ, ಅವರು ಬಳಸಿದ ಪದಗಳಲ್ಲಿಯೇ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಪದಗಳಿಗೆ ತಿದ್ದಿಕೊಂಡು ಬರೆಯಬೇಡಿ, ಏಕೆಂದರೆ ಅದೇ ವ್ಯಕ್ತಿ ರಾತ್ರಿ ಮನೆಯಲ್ಲಿ ಮೊಬೈಲ್ ಹಿಡಿದಾಗ ಅದೇ ಪದಗಳನ್ನೇ ಹೇಳುತ್ತಾರೆ. ‘ಹೇಳುತ್ತಾರೆ’ ಎಂದದ್ದು ಉದ್ದೇಶಪೂರ್ವಕವಾಗಿ: 2017ರಿಂದ ಗೂಗಲ್‌ನಲ್ಲಿ ಕನ್ನಡದ ಧ್ವನಿ ಟೈಪಿಂಗ್ ಇದೆ, ಟೈಪ್ ಮಾಡಲು ಬೇಸರಪಡುವ ಹಿರಿಯರು ಮೈಕ್ ಗುಂಡಿ ಒತ್ತಿ ಪೂರ್ತಿ ವಾಕ್ಯವನ್ನೇ ಹೇಳುತ್ತಾರೆ. ಬರೆದಿಟ್ಟ ಪ್ರಶ್ನೆಯ ಮೊದಲ ಎರಡು ಪದಗಳನ್ನು ಗೂಗಲ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ನಿಲ್ಲಿಸಿದರೆ ಕೆಳಗೆ ತೆರೆದುಕೊಳ್ಳುವ ಸಲಹೆಗಳಿಂದ, ಜನ ಆ ಪ್ರಶ್ನೆಯನ್ನು ಮತ್ತೆ ಯಾವ ಯಾವ ರೀತಿ ಕೇಳುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಗೂಗಲ್ ಟ್ರೆಂಡ್ಸ್ ಮೇಲೆ ಹೆಚ್ಚು ಭರವಸೆ ಇಡಬೇಡಿ. ನಮ್ಮಂಥ ಊರಿನ ಸಣ್ಣ ಹುಡುಕಾಟಗಳಿಗೆ ಅಲ್ಲಿ ಬಹಳ ಸಲ ಸಾಕಷ್ಟು ದತ್ತಾಂಶವೇ ಇರುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ದಾವಣಗೆರೆ ವಿಶ್ವವಿದ್ಯಾನಿಲಯವಿರುವ ತೋಳಹುಣಸೆಯ ಕಡೆ ಪಂಚಾಯ್ತಿ ವ್ಯಾಪ್ತಿಯ ಸೈಟು ಕೊಳ್ಳುವವರಿಗಾಗಿ ನೀವು ಒಂದು ಬರಹ ಬರೆದಿದ್ದೀರಿ ಎಂದುಕೊಳ್ಳಿ. ಅದರಲ್ಲಿ ಪಂಚಾಯ್ತಿ ಆಸ್ತಿಗಳ ದಾಖಲೆ ಕೊಡುವ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಎಂದರೇನು, 11ಬಿ ಬಂದಿದ್ದರೆ ಏಕೆ ಎಚ್ಚರ ವಹಿಸಬೇಕು, ಭೂಪರಿವರ್ತನೆಯ ಆದೇಶದಲ್ಲಿ ಯಾವ ಸರ್ವೆ ನಂಬರ್ ಮತ್ತು ಎಷ್ಟು ವಿಸ್ತೀರ್ಣ ನಮೂದಾಗಿದೆ ಎಂದು ನೋಡುವುದು ಹೇಗೆ, ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ ಎಂದು ಕೇಳುವುದು ಹೇಗೆ ಎಂಬ ವಿವರಗಳಿವೆ. ಇಷ್ಟು ಉಪಯುಕ್ತ ಬರಹಕ್ಕೆ ‘ಸೈಟು ಕೊಳ್ಳುವಾಗ ಇರಲಿ ಎಚ್ಚರ!’ ಎಂಬ ಶೀರ್ಷಿಕೆ ಇಟ್ಟರೆ ಅದು ಯಾವ ಊರಿಗೆ, ಯಾವ ಸೈಟಿಗೆ, ಯಾವ ಕಾಗದಕ್ಕೆ ಸಂಬಂಧಿಸಿದ್ದು ಎಂಬುದು ಗೂಗಲ್‌ಗೂ ತಿಳಿಯುವುದಿಲ್ಲ, ಓದುಗರಿಗೂ ತಿಳಿಯುವುದಿಲ್ಲ. ‘ದಾವಣಗೆರೆಯಲ್ಲಿ ಸೈಟು ಕೊಳ್ಳುವ ಮುನ್ನ ನೋಡಬೇಕಾದ ದಾಖಲೆಗಳು’ ಎಂದರೆ ಸ್ವಲ್ಪ ಉತ್ತಮ, ಆದರೆ ಇಂಥದ್ದು ಪ್ರತಿಯೊಂದು ವೆಬ್‌ಸೈಟಿನಲ್ಲೂ ಇದೆ, ಮತ್ತು ನಿಮ್ಮ ಬರಹ ಎಲ್ಲ ಸೈಟುಗಳ ಬಗ್ಗೆ ಅಲ್ಲ. ‘ತೋಳಹುಣಸೆ ಪಂಚಾಯ್ತಿ ಸೈಟು: 9, 11ಎ, 11ಬಿ ನೋಡಿ ಕೊಳ್ಳುವುದು ಹೇಗೆ?’ ಎಂದಾಗ ಎಲ್ಲವೂ ಜಾಗಕ್ಕೆ ಬರುತ್ತದೆ. ಜಾಗದ ಹೆಸರು ಮೊದಲಿದೆ, ಆಸ್ತಿಯ ಬಗೆ ಅದರ ಪಕ್ಕದಲ್ಲಿದೆ, ಓದುಗರ ಕೈಯಲ್ಲಿರುವ ಕಾಗದದ ಹೆಸರು ಆಮೇಲೆ ಬಂದಿದೆ, ಬರಹದಿಂದ ಏನು ಸಿಗುತ್ತದೆ ಎಂಬುದೂ ಗೊತ್ತಾಗುತ್ತದೆ. ಈ ಶೀರ್ಷಿಕೆಯನ್ನು ಹುಡುಕಿ ಬರುವವರ ಸಂಖ್ಯೆ ಚಿಕ್ಕದೇ ಇರಬಹುದು. ಆದರೆ ಅವರಲ್ಲಿ ಬಹುತೇಕರು ಅಡ್ವಾನ್ಸ್ ಕೊಡುವ ಮೊದಲು ಕಡೆಯ ಸಲ ಯೋಚಿಸುತ್ತಿರುವವರು, ಮತ್ತು ಒಬ್ಬ ಏಜೆಂಟ್‌ಗೆ ಅಂಥ ಹತ್ತು ಮಂದಿ ಓದುಗರು ಕಾಲಹರಣಕ್ಕೆ ಓದುವ ಸಾವಿರ ಮಂದಿಗಿಂತ ಹೆಚ್ಚು ಬೆಲೆಯುಳ್ಳವರು.

ಜಾಗದ ಹೆಸರು ಮೊದಲು ಬರಬೇಕು ಎಂದದ್ದಕ್ಕೆ ಕನ್ನಡದ ವಾಕ್ಯರಚನೆಯೇ ಕಾರಣ, ಮತ್ತು ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಎಂದೂ ಹೇಳಿಕೊಡುವುದಿಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೇಳಬೇಕಾದ ಮುಖ್ಯ ಮಾತು ಬಹಳ ಸಲ ಕಡೆಯ ಎರಡು ಪದಗಳಲ್ಲಿರುತ್ತದೆ. ಗೂಗಲ್ ಶೀರ್ಷಿಕೆಯ ಉದ್ದಕ್ಕೆ ಯಾವ ಮಿತಿಯನ್ನೂ ಹಾಕಿಲ್ಲವಾದರೂ, ಪರದೆಯ ಅಗಲಕ್ಕೆ ತಕ್ಕಂತೆ ತೋರಿಸುವಾಗ ಉಳಿದದ್ದನ್ನು ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ. ‘ನೀವು ಮೊದಲ ಬಾರಿಗೆ ಮನೆ ಅಥವಾ ನಿವೇಶನ ಕೊಳ್ಳುತ್ತಿದ್ದರೆ ದಾವಣಗೆರೆಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಗಲುವ ವೆಚ್ಚದ ವಿವರ’ ಎಂಬ ಶೀರ್ಷಿಕೆ ‘ನೀವು ಮೊದಲ ಬಾರಿಗೆ ಮನೆ ಅಥವಾ ನಿವೇಶನ ಕೊಳ್ಳುತ್ತಿದ್ದರೆ…’ ಎಂದು ನಿಂತುಬಿಟ್ಟರೆ ಓದುಗರಿಗೆ ಸಿಕ್ಕಿದ್ದು ಏನೂ ಇಲ್ಲ. ಅದನ್ನೇ ‘ದಾವಣಗೆರೆ ಆಸ್ತಿ ನೋಂದಣಿ ವೆಚ್ಚ: ಮೊದಲ ಸಲ ಕೊಳ್ಳುವವರಿಗೆ ಪೂರ್ತಿ ಲೆಕ್ಕ’ ಎಂದು ತಿರುಗಿಸಿ ಬರೆದರೆ, ಎಲ್ಲಿ ಕತ್ತರಿಸಿದರೂ ವಿಷಯ ಉಳಿಯುತ್ತದೆ. ವಿಷಯವನ್ನು ನಾಮಪದವಾಗಿ ಮುಂದೆ ತಂದು, ವಿವರಣಚಿಹ್ನೆ (:) ಹಾಕಿ, ಉಳಿದದ್ದನ್ನು ಆಮೇಲೆ ಹೇಳುವುದು ಕನ್ನಡ ಪತ್ರಿಕೆಗಳ ಸುದ್ದಿ ಶೀರ್ಷಿಕೆಗಳಲ್ಲಿ ಬಹಳ ಕಾಲದಿಂದ ಇರುವ ಪದ್ಧತಿ. ಅದನ್ನೇ ಇಲ್ಲಿಯೂ ಅನುಸರಿಸಬಹುದು.

ಉದ್ದದ ಬಗ್ಗೆ ಕೇಳಿದ್ದೀರಿ. ಐವತ್ತರಿಂದ ಅರವತ್ತು ಅಕ್ಷರ ಎಂಬ ಪ್ರಸಿದ್ಧ ಸೂತ್ರ ಇಂಗ್ಲಿಷಿನ ಅಗಲಕ್ಕೆ ಮಾಡಿದ್ದು. ಕನ್ನಡ ಲಿಪಿಯ ಅಕ್ಷರಗಳು ಹೆಚ್ಚು ಅಗಲವಾಗಿರುತ್ತವೆ. ಅದಲ್ಲದೆ ಎಣಿಸುವ ಸಾಧನಗಳು ಗುಣಿತಾಕ್ಷರವನ್ನು ಒಂದು ಅಕ್ಷರವಾಗಿ ಎಣಿಸುವುದಿಲ್ಲ. ‘ದಾವಣಗೆರೆ’ ನಮ್ಮ ಕಣ್ಣಿಗೆ ಐದು ಅಕ್ಷರ, ಆದರೆ ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ದೀರ್ಘ ಮತ್ತು ಏತ್ವದ ಚಿಹ್ನೆಗಳು ಬೇರೆಯಾಗಿ ಎಣಿಕೆಯಾಗುವುದರಿಂದ ಅದು ಎಂಟು. ಆದ್ದರಿಂದ ಸಾಧನದ ಸಂಖ್ಯೆಯನ್ನು ನಂಬುವ ಬದಲು ಪದಗಳ ಲೆಕ್ಕ ಹಿಡಿಯಿರಿ: ಆರರಿಂದ ಒಂಬತ್ತು ಪದ ಸಾಕು, ಅದರಲ್ಲಿ ಮೊದಲ ನಾಲ್ಕು ಪದಗಳಲ್ಲಿ ವಿಷಯ ಮುಗಿದಿರಬೇಕು. ಪ್ರಕಟಿಸಿದ ಮೇಲೆ ಒಂದು ಸಾಧಾರಣ ಮೊಬೈಲಿನಲ್ಲಿ ಹುಡುಕಿ, ಎಲ್ಲಿ ತುಂಡಾಗುತ್ತದೆ ಎಂದು ಕಣ್ಣಾರೆ ನೋಡಿ. ನಿಮ್ಮ ಸಂಸ್ಥೆಯ ಹೆಸರನ್ನು ಶೀರ್ಷಿಕೆಯ ಮೊದಲಿಗೆ ಹಾಕುವ ರೂಢಿ ಇದ್ದರೆ ಬಿಟ್ಟುಬಿಡಿ. ಹೆಸರು ಬೇಕೆಂದರೆ ಕಡೆಯಲ್ಲಿರಲಿ.

ಊರಿನ ಹೆಸರಿಗಿಂತ ಬಡಾವಣೆಯ ಹೆಸರಿಗೆ ಹೆಚ್ಚು ಗಮನ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ದಾವಣಗೆರೆಯವರು ಮನೆ ಹುಡುಕುವಾಗ ‘ದಾವಣಗೆರೆ’ ಎನ್ನುವುದಿಲ್ಲ. ಎಂ.ಸಿ.ಸಿ. ‘ಬಿ’ ಬ್ಲಾಕ್, ಪಿ.ಜೆ. ಬಡಾವಣೆ, ವಿದ್ಯಾನಗರ, ಶಾಮನೂರು ರಸ್ತೆ, ಹದಡಿ ರಸ್ತೆ, ಕೆ.ಟಿ.ಜೆ. ನಗರ ಎನ್ನುತ್ತಾರೆ, ಇಲ್ಲವೇ ಬಿ.ಐ.ಇ.ಟಿ. ಕಾಲೇಜಿನ ಹತ್ತಿರ, ಕುಂದುವಾಡ ಕೆರೆಯ ಹತ್ತಿರ ಎಂದು ಗುರುತು ಹಿಡಿದು ಕೇಳುತ್ತಾರೆ. ಹೊರಗಿನಿಂದ ಬರುವವರು, ಅಂದರೆ ವರ್ಗಾವಣೆಯಾದ ನೌಕರರು ಮತ್ತು ಮಗಳನ್ನೋ ಮಗನನ್ನೋ ಜೆ.ಜೆ.ಎಂ. ಮೆಡಿಕಲ್ ಕಾಲೇಜಿಗೆ ಸೇರಿಸಿದ ತಂದೆತಾಯಿಗಳು ಊರಿನ ಹೆಸರನ್ನೇ ಬಳಸುತ್ತಾರೆ. ಹೀಗಾಗಿ ಊರಿನೊಳಗಿನವರಿಗೆ ಬರೆದ ಬರಹದ ಶೀರ್ಷಿಕೆ ಬಡಾವಣೆಯಿಂದ ಶುರುವಾಗಲಿ, ಹೊರಗಿನವರಿಗೆ ಬರೆದದ್ದು ಊರಿನ ಹೆಸರಿನಿಂದ ಶುರುವಾಗಲಿ. ‘ಜೆ.ಜೆ.ಎಂ. ಮೆಡಿಕಲ್ ಕಾಲೇಜು ಹತ್ತಿರ ಬಾಡಿಗೆ ಮನೆ: ಅಡ್ವಾನ್ಸ್, ಕರಾರು, ನಿಯಮಗಳು’ ಎಂಬುದು ಎರಡೂ ಬಗೆಯವರಿಗೆ ಸಲ್ಲುವ ಶೀರ್ಷಿಕೆ. ಇಲ್ಲೊಂದು ಎಚ್ಚರಿಕೆ: ಬಡಾವಣೆಯ ಹೆಸರನ್ನು ಮಾತ್ರ ಬದಲಿಸಿ ಒಂದೇ ಬರಹವನ್ನು ಇಪ್ಪತ್ತು ಸಲ ಪ್ರಕಟಿಸುವ ಚಾಳಿ ಕೆಲವರಲ್ಲಿದೆ. ಶೀರ್ಷಿಕೆಯಲ್ಲಿ ಹದಡಿ ರಸ್ತೆ ಎಂದಿದ್ದರೆ ಒಳಗೆ ಹದಡಿ ರಸ್ತೆಯ ನೀರು, ಬಸ್ಸು, ರಸ್ತೆಯ ಅಗಲ, ಅಲ್ಲಿನ ಲೇಔಟುಗಳ ಕಾಗದಪತ್ರದ ಸ್ಥಿತಿ ಇರಲೇಬೇಕು. ಇಲ್ಲದಿದ್ದರೆ ಓದುಗರು ಬಂದಷ್ಟೇ ಬೇಗ ಹಿಂದಿರುಗುತ್ತಾರೆ, ಮತ್ತು ಅಂಥ ನಕಲು ಪುಟಗಳನ್ನು ಗೂಗಲ್ ಕೂಡ ಸ್ಪ್ಯಾಮ್ ಎಂದೇ ಪರಿಗಣಿಸುತ್ತದೆ.

ಭಾಷೆಯ ಪ್ರಶ್ನೆಗೆ ನನ್ನ ಉತ್ತರ ಖಚಿತವಾಗಿದೆ: ಬರಹ ಯಾವ ಭಾಷೆಯಲ್ಲಿದೆಯೋ, ಯಾವ ಲಿಪಿಯಲ್ಲಿದೆಯೋ, ಶೀರ್ಷಿಕೆಯೂ ಅದರಲ್ಲಿಯೇ ಇರಬೇಕು. ಪುಟದ ಮುಖ್ಯ ಬರಹ ಒಂದು ಲಿಪಿಯಲ್ಲಿದ್ದು ಶೀರ್ಷಿಕೆ ಇನ್ನೊಂದರಲ್ಲಿದ್ದರೆ ಗೂಗಲ್ ಆ ಶೀರ್ಷಿಕೆಯನ್ನು ಕೈಬಿಟ್ಟು ತಾನೇ ಬೇರೊಂದನ್ನು ರಚಿಸಬಹುದು. ಇಂಗ್ಲಿಷಿನಲ್ಲಿ ಹುಡುಕುವವರೂ ನಿಮಗೆ ಬೇಕಿದ್ದರೆ, ಅದೇ ವಿಷಯಕ್ಕೆ ಪ್ರತ್ಯೇಕವಾದ ಇಂಗ್ಲಿಷ್ ಪುಟವನ್ನು ಬರೆದು ಎರಡನ್ನೂ ಒಂದಕ್ಕೊಂದು ಜೋಡಿಸಿ. ಆ ಪುಟದಲ್ಲಿ ಊರಿನ ಹೆಸರಿನ ಎರಡೂ ಇಂಗ್ಲಿಷ್ ಕಾಗುಣಿತಗಳು, ಅಂದರೆ Davanagere ಮತ್ತು Davangere, ಸಹಜವಾಗಿ ಬರುವಂತೆ ನೋಡಿಕೊಳ್ಳಿ. ಶೀರ್ಷಿಕೆಯಲ್ಲಿ ಒಂದು, ಒಳಗಿನ ಮೊದಲ ಪ್ಯಾರಾದಲ್ಲಿ ಇನ್ನೊಂದು ಇದ್ದರೆ ಸಾಕು. ಕನ್ನಡದ ಪುಟದಲ್ಲಿ ‘ನಿವೇಶನ’, ‘ಋಣಭಾರ ಪ್ರಮಾಣಪತ್ರ’ ಎಂಬ ಕಚೇರಿಯ ಪದಗಳು ಬರಹದ ಒಳಗಿರಲಿ, ಶೀರ್ಷಿಕೆಗೆ ‘ಸೈಟು’, ‘ಇ.ಸಿ.’ ಎಂಬ ಬಳಕೆಯ ಪದಗಳೇ ಹೊಂದುತ್ತವೆ. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರವನ್ನು ಯಾರೂ ಪೂರ್ತಿ ಹೆಸರಿನಿಂದ ಹುಡುಕುವುದಿಲ್ಲ. ‘ಧೂಡಾ ಸೈಟು’ ಎಂದೇ ಹುಡುಕುತ್ತಾರೆ.

ಲಿಪಿಯ ವಿಷಯದಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಇದರಿಂದ ಕೆಡುವ ಪುಟಗಳು ಕಡಿಮೆಯಿಲ್ಲ. ಡಿ.ಟಿ.ಪಿ. ಅಂಗಡಿಯಲ್ಲಿ ಕರಪತ್ರಕ್ಕಾಗಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೆಯೇ ತಂದು ವೆಬ್‌ಸೈಟಿಗೆ ಅಂಟಿಸಿದರೆ, ಅದು ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಮಾತ್ರ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಸರಿಯಾಗಿ ಕಂಡರೂ ಗೂಗಲ್‌ಗೆ ಅದು ಕನ್ನಡವೇ ಅಲ್ಲ. ಶೀರ್ಷಿಕೆಯನ್ನು ಪೋಸ್ಟರಿನ ಚಿತ್ರದೊಳಗೆ ಮಾತ್ರ ಬರೆಸಿ ಮೇಲಿನ ಪಠ್ಯವನ್ನು ಖಾಲಿ ಬಿಡುವುದೂ ಸಲ್ಲದು.

ನಿಮ್ಮ ಪುಟಕ್ಕೆ ವಾಸ್ತವವಾಗಿ ಎರಡು ಶೀರ್ಷಿಕೆಗಳಿರುತ್ತವೆ ಎಂಬುದನ್ನೂ ತಿಳಿದಿರಬೇಕು. ಒಂದು, ಪುಟದ ಸಂಕೇತದೊಳಗೆ ಇರುವ, ಬ್ರೌಸರ್ ಪಟ್ಟಿಯಲ್ಲಿ ಕಾಣುವ ಟೈಟಲ್. ಇನ್ನೊಂದು, ಪುಟ ತೆರೆದಾಗ ದೊಡ್ಡ ಅಕ್ಷರಗಳಲ್ಲಿ ಕಾಣುವ ತಲೆಬರಹ. ಫಲಿತಾಂಶದಲ್ಲಿ ಏನು ತೋರಿಸಬೇಕೆಂದು ಗೂಗಲ್ ಇವೆರಡನ್ನೂ ಹಾಗೂ ಪುಟದ ಬೇರೆ ಭಾಗಗಳನ್ನೂ ನೋಡಿ ನಿರ್ಧರಿಸುತ್ತದೆ. 2021ರ ಆಗಸ್ಟ್‌ನಲ್ಲಿ ಅದು ಈ ವ್ಯವಸ್ಥೆಯನ್ನು ಬದಲಾಯಿಸಿದಾಗ ಬಹಳ ಮಂದಿ ತಮ್ಮ ಶೀರ್ಷಿಕೆ ಬದಲಾಗಿದೆಯೆಂದು ದೂರಿದರು. ಮರುತಿಂಗಳು ತಿದ್ದುಪಡಿ ಮಾಡಿದ ಮೇಲೆ, ಸುಮಾರು ಶೇ 87ರಷ್ಟು ಸಂದರ್ಭಗಳಲ್ಲಿ ಪುಟದ ಟೈಟಲನ್ನೇ ಬಳಸುತ್ತಿರುವುದಾಗಿ ಗೂಗಲ್ ತಿಳಿಸಿತು. ಟೈಟಲಿಗೂ ತಲೆಬರಹಕ್ಕೂ ಒಳಗಿನ ವಿಷಯಕ್ಕೂ ತಾಳೆ ಇದ್ದರೆ ನಿಮ್ಮ ಮಾತೇ ಉಳಿಯುವ ಸಾಧ್ಯತೆ ಹೆಚ್ಚು. ನಲವತ್ತು ಪುಟಗಳಿಗೂ ‘ದಾವಣಗೆರೆಯ ನಂಬಿಕಸ್ತ ರಿಯಲ್ ಎಸ್ಟೇಟ್’ ಎಂಬ ಒಂದೇ ಬಾಲ ಅಂಟಿಸಿದ್ದರೆ ಅದನ್ನು ತೆಗೆಯಿರಿ.

ಇನ್ನು ಶೀರ್ಷಿಕೆಗೂ ಕಾನೂನಿಗೂ ಇರುವ ಸಂಬಂಧ. ಏಜೆಂಟರು ಇದನ್ನು ಲಘುವಾಗಿ ತೆಗೆದುಕೊಳ್ಳುವುದು ನನಗೆ ನಿಜವಾಗಿಯೂ ಕಳವಳದ ವಿಷಯ. 2016ರ ರಿಯಲ್ ಎಸ್ಟೇಟ್ ಕಾಯ್ದೆ ಜಾಹೀರಾತು ಎಂಬುದಕ್ಕೆ ಕೊಡುವ ವ್ಯಾಖ್ಯೆ ವಿಶಾಲವಾದದ್ದು: ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಒಂದು ಯೋಜನೆಯ ಬಗ್ಗೆ ಜನರಿಗೆ ತಿಳಿಸಿ ಕೊಳ್ಳಲು ಕರೆಯುವ ಪ್ರಚಾರವೆಲ್ಲ ಅದರೊಳಗೆ ಬರುತ್ತದೆ. ಒಂದು ಲೇಔಟನ್ನು ಹೆಸರಿಸಿ ಅಲ್ಲಿನ ಸೈಟು ಕೊಳ್ಳಿ ಎನ್ನುವ ನಿಮ್ಮ ಬರಹ, ಅದರ ಶೀರ್ಷಿಕೆಯೂ ಸೇರಿ, ಹೊರತಾಗುವುದಿಲ್ಲ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಲೇಔಟು ರೇರಾದಲ್ಲಿ ನೋಂದಣಿಯಾಗದೆ ಅದರ ಜಾಹೀರಾತನ್ನು ಕೊಡುವಂತಿಲ್ಲ, ಮತ್ತು ನೋಂದಣಿಯಿಲ್ಲದ ಯೋಜನೆಯ ಸೈಟನ್ನು ಏಜೆಂಟ್ ಮಾರಿಸಿಕೊಡುವಂತಿಲ್ಲ. ಪ್ರವರ್ತಕರು (ಲೇಔಟ್ ಮಾಡುವವರು) ಪಡೆಯದ ಅನುಮೋದನೆಯನ್ನು ಪಡೆದಿದ್ದಾರೆಂದು ಬಿಂಬಿಸುವುದು ಅನುಚಿತ ವ್ಯಾಪಾರ ಪದ್ಧತಿ. ಏಜೆಂಟರ ಕರ್ತವ್ಯಗಳನ್ನು ಮೀರಿದವರಿಗೆ ದಿನಕ್ಕೆ 10,000 ರೂಪಾಯಿಯಂತೆ, ಆ ಆಸ್ತಿಯ ಅಂದಾಜು ಮೌಲ್ಯದ ಶೇ 5ರವರೆಗೆ ದಂಡ ಬೀಳಬಹುದು.

ಇದರ ಬೆಳಕಿನಲ್ಲಿ ‘ಬೆಲೆ ದುಪ್ಪಟ್ಟು ಗ್ಯಾರಂಟಿ’, ‘ಶೇ 100 ಕ್ಲಿಯರ್ ಟೈಟಲ್’, ‘ರೇರಾ ಅಪ್ರೂವ್ಡ್’ ಎಂಬ ಮೂರು ಮಾತುಗಳನ್ನು ನಿಮ್ಮ ಶೀರ್ಷಿಕೆಗಳಿಂದ ಪೂರ್ತಿ ಹೊರಗಿಡಿ. ರೇರಾ ಲೇಔಟಿನ ನಕ್ಷೆಗೆ ಅನುಮೋದನೆ ಕೊಡುವುದಿಲ್ಲ, ಯೋಜನೆಯನ್ನು ನೋಂದಾಯಿಸಿಕೊಳ್ಳುತ್ತದೆ. ನಕ್ಷೆಯ ಅನುಮೋದನೆ ಯೋಜನಾ ಪ್ರಾಧಿಕಾರದ ಕೆಲಸ. ‘ರೇರಾ ನೋಂದಾಯಿತ’ ಎಂದು ಬರೆಯುವುದು ಸರಿ, ಮತ್ತು ನೋಂದಣಿ ಸಂಖ್ಯೆಯನ್ನೂ ಪ್ರಾಧಿಕಾರದ ಜಾಲತಾಣದ ವಿಳಾಸವನ್ನೂ ಬರಹದ ಮೊದಲ ಸಾಲುಗಳಲ್ಲಿಯೇ ಎದ್ದು ಕಾಣುವಂತೆ ಕೊಡಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗದ ಹೆಸರು ಹಿಡಿದು ‘ರೈಲು ಬರುತ್ತಿದೆ, ಈಗಲೇ ಕೊಳ್ಳಿ’ ಎನ್ನುವ ಶೀರ್ಷಿಕೆಗಳನ್ನೂ ನಾನು ಒಪ್ಪುವುದಿಲ್ಲ. ಅದೇ ವಿಷಯದಲ್ಲಿ ಓದುಗರಿಗೆ ನಿಜವಾಗಿ ಬೇಕಾದದ್ದು ‘ತುಮಕೂರು–ದಾವಣಗೆರೆ ರೈಲು ಮಾರ್ಗ: ನಿಮ್ಮ ಸರ್ವೆ ನಂಬರ್ ಭೂಸ್ವಾಧೀನದಲ್ಲಿದೆಯೇ?’ ಎಂಬುದರ ಉತ್ತರ. ಆ ಉತ್ತರವನ್ನು ಕೊಡುವ ಏಜೆಂಟರನ್ನು ಜನ ನಂಬುತ್ತಾರೆ.

ಶೀರ್ಷಿಕೆಯಲ್ಲಿ ವರ್ಷ ಹಾಕುವ ಅಭ್ಯಾಸದ ಬಗ್ಗೆ ಎರಡು ಮಾತು. ದರ, ಶುಲ್ಕ, ನಿಯಮ ಬದಲಾಗುವ ವಿಷಯಗಳಿಗೆ ಮಾತ್ರ ವರ್ಷ ಬೇಕು. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. 30 ಲಕ್ಷ ರೂಪಾಯಿಯ ಮನೆಗೆ ಅದು 30,000ದಿಂದ 60,000 ಆಯಿತು. ಹಳೆಯ ಲೆಕ್ಕವಿರುವ ಬರಹಕ್ಕೆ ಶೀರ್ಷಿಕೆಯಲ್ಲಿ ಮಾತ್ರ ಹೊಸ ವರ್ಷವನ್ನು ಹಾಕಿದರೆ, ಅದನ್ನು ನಂಬಿ ಹಣ ಹೊಂದಿಸಿಕೊಂಡ ಕುಟುಂಬ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಿನ 30,000 ರೂಪಾಯಿ ಕಡಿಮೆ ಬಿದ್ದು ನಿಲ್ಲಬೇಕಾಗುತ್ತದೆ. ಮೊದಲು ಒಳಗಿನ ಅಂಕಿಗಳನ್ನು ತಿದ್ದಿ, ಆಮೇಲೆ ಶೀರ್ಷಿಕೆಯ ವರ್ಷವನ್ನು ತಿದ್ದಿ. ‘ಪಹಣಿ ಓದುವುದು ಹೇಗೆ’ ಎಂಬಂಥ ಬರಹಕ್ಕೆ ವರ್ಷದ ಹಂಗೇ ಬೇಡ.

ಜಮೀನಿನ ವ್ಯವಹಾರದ ಬರಹಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ನಿರ್ಬಂಧಿಸಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳು 2020ರ ತಿದ್ದುಪಡಿಯಲ್ಲಿ ರದ್ದಾದ ಮೇಲೆ ‘ಕೃಷಿಕರಲ್ಲದವರು ಜಮೀನು ಕೊಳ್ಳಬಹುದೇ?’ ಎಂಬುದು ಎಲ್ಲರ ಪ್ರಶ್ನೆಯಾಗಿದೆ, ಆದ್ದರಿಂದಲೇ ಅದಕ್ಕೆ ಉತ್ತರಿಸುವ ಪುಟಗಳೂ ಬಹಳ. ನೀವು ಅದನ್ನು ‘ಭದ್ರಾ ಅಚ್ಚುಕಟ್ಟಿನ ಗದ್ದೆ: ಕೃಷಿಕರಲ್ಲದವರು ಕೊಳ್ಳುವ ಮುನ್ನ ನೋಡಬೇಕಾದ್ದು’ ಎಂದು ನಮ್ಮ ಜಿಲ್ಲೆಗೆ ಇಳಿಸಿದರೆ ಆ ಜಾಗದಲ್ಲಿ ಸ್ಪರ್ಧಿಸುವವರು ಕಡಿಮೆ. ಮಂಜೂರಾತಿ ಜಮೀನು ಮತ್ತು ಪಿ.ಟಿ.ಸಿ.ಎಲ್. ಕಾಯ್ದೆಯ (ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಮಾರಾಟವನ್ನು ನಿರ್ಬಂಧಿಸುವ ಕಾಯ್ದೆ) ಬಗ್ಗೆಯೂ ಒಂದು ಪ್ರತ್ಯೇಕ ಬರಹ ಖಂಡಿತ ಇರಲಿ. ಅದರಿಂದ ವ್ಯಾಪಾರ ಆಗದಿದ್ದರೂ ಯಾರಾದರೊಬ್ಬರ ಜೀವಮಾನದ ಉಳಿತಾಯ ಉಳಿದೀತು.

ಕೊನೆಯದಾಗಿ ನಿಮ್ಮ ನಲವತ್ತು ಹಳೆಯ ಬರಹಗಳು. ಶೀರ್ಷಿಕೆ ಬದಲಿಸುವುದರಿಂದ ತೊಂದರೆಯಿಲ್ಲ, ಪುಟದ ವಿಳಾಸವನ್ನು ಬದಲಿಸಿದರೆ ತೊಂದರೆ. ಹಿಂದೆ ಹಂಚಿದ ಕೊಂಡಿಗಳು ಮುರಿಯಬಹುದು. ಹೊಸ ಬರಹಗಳಿಗೆ ಮಾತ್ರ ವಿಳಾಸವನ್ನು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಕೊಡಿ. ಕನ್ನಡದ ವಿಳಾಸವನ್ನು ಗೂಗಲ್ ಓದಬಲ್ಲದು, ಆದರೆ ನಕಲು ಮಾಡಿ ಕಳುಹಿಸಿದಾಗ ಒಂದೊಂದು ಕನ್ನಡ ಚಿಹ್ನೆಯೂ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಂಡು ‘ದಾವಣಗೆರೆ’ ಒಂದೇ ಪದ ಎಪ್ಪತ್ತೆರಡು ಅಕ್ಷರಗಳ ಗೋಜಲಾಗುತ್ತದೆ, ಮತ್ತು ವರ್ಡ್‌ಪ್ರೆಸ್ ಅಂಥ ವಿಳಾಸವನ್ನು ಇನ್ನೂರು ಅಕ್ಷರಕ್ಕೆ ಕಡಿದುಬಿಡುತ್ತದೆ.

ಗೂಗಲ್ ಸರ್ಚ್ ಕನ್ಸೋಲ್ ಉಚಿತವಾಗಿ ಸಿಗುತ್ತದೆ. ನಿಮ್ಮ ವೆಬ್‌ಸೈಟನ್ನು ಅದಕ್ಕೆ ಇನ್ನೂ ಸೇರಿಸಿಲ್ಲದಿದ್ದರೆ ಇಂದೇ ಸೇರಿಸಿ. ಯಾವ ಪದಗಳನ್ನು ಹುಡುಕಿದಾಗ ನಿಮ್ಮ ಯಾವ ಪುಟ ಎಷ್ಟು ಸಲ ಕಾಣಿಸಿಕೊಂಡಿತು, ಎಷ್ಟು ಮಂದಿ ಒತ್ತಿದರು ಎಂಬುದನ್ನು ಅದು ಹದಿನಾರು ತಿಂಗಳವರೆಗೆ ಇಟ್ಟುಕೊಂಡು ತೋರಿಸುತ್ತದೆ. ಹೆಚ್ಚು ಸಲ ಕಾಣಿಸಿಕೊಂಡೂ ಯಾರೂ ಒತ್ತದ ಪುಟಗಳನ್ನು ಮೊದಲು ಕೈಗೆತ್ತಿಕೊಳ್ಳಿ: ಅವುಗಳ ವಿಷಯ ಸರಿಯಿದೆ ಎಂದು ಗೂಗಲ್ ಒಪ್ಪಿದೆ, ಶೀರ್ಷಿಕೆ ಮಾತ್ರ ಓದುಗರನ್ನು ಒಪ್ಪಿಸುತ್ತಿಲ್ಲ. ಅಲ್ಲಿ ಕಾಣುವ ಹುಡುಕಾಟದ ಪದಗಳನ್ನೇ ಹೊಸ ಶೀರ್ಷಿಕೆಯ ಮುಂಭಾಗಕ್ಕೆ ತನ್ನಿ. ಒಂದೇ ಪ್ರಶ್ನೆಗೆ ನಿಮ್ಮ ಎರಡು ಮೂರು ಪುಟಗಳು ಕಾಣಿಸುತ್ತಿದ್ದರೆ ಅವನ್ನು ಒಂದಾಗಿ ಸೇರಿಸಿ ಬರೆದು, ಉಳಿದ ವಿಳಾಸಗಳನ್ನು ಅದರತ್ತ ತಿರುಗಿಸಿ. ಹೊಸ ಶೀರ್ಷಿಕೆ ಫಲಿತಾಂಶದಲ್ಲಿ ಕಾಣಲು ಕೆಲವು ದಿನಗಳಿಂದ ಕೆಲವು ವಾರಗಳು ಬೇಕಾಗುವುದರಿಂದ ಮಧ್ಯದಲ್ಲಿ ಮತ್ತೆ ಮತ್ತೆ ತಿದ್ದಬೇಡಿ. ಒಂದು ಸಲಕ್ಕೆ ಐದಾರು ಪುಟಗಳನ್ನು ಬದಲಿಸಿ, ಎರಡು ತಿಂಗಳು ಬಿಟ್ಟು ಅಂಕಿಗಳನ್ನು ನೋಡಿ, ನಂತರ ಮುಂದಿನವಕ್ಕೆ ಹೋಗಿ. ‘ಕನಸಿನ ಮನೆಗೆ ಸುವರ್ಣಾವಕಾಶ’ದಂಥ ಪುಟಗಳ ಒಳಗೆ ಓದುಗರಿಗೆ ತಿಳಿಸುವ ವಿಷಯವೇ ಇಲ್ಲದಿದ್ದರೆ ಅವಕ್ಕೆ ಹೊಸ ಶೀರ್ಷಿಕೆ ಹುಡುಕುವ ಶ್ರಮ ಬೇಡ, ಅವನ್ನು ತೆಗೆದುಹಾಕಿ, ಆ ಸಮಯದಲ್ಲಿ ನಿಮ್ಮ ನೋಟ್‌ಬುಕ್ಕಿನಲ್ಲಿರುವ ಮೊದಲ ಪ್ರಶ್ನೆಗೆ ಉತ್ತರ ಬರೆಯಿರಿ.